ಬೊಮೆ ನಸಿಲೆಲೆ ಮೊಂಗುವಿನಲ್ಲಿ ಹೇಳಿದ ಮಾತು

ನಸಿಲೆಲೆ ಅವರು ನರ್ಸ್‌ಗಳ ಸಂಘದ ಮುಕೋಲ ಶಾಖೆಗೆ ಅಧ್ಯಕ್ಷೆಯಾದದ್ದು ಬೇರೆ ಯಾರೂ ಒಪ್ಪದೇ ಇದ್ದುದರಿಂದ. ರಾಜಧಾನಿ ಲುಸಾಕಾದಲ್ಲಿ ಸಂಘ ದೊಡ್ಡದಾಗಿಯೇ ಇತ್ತು. ಜಾಂಬೆಜಿ ನದಿಯ ಬಯಲಿನ ಅಂಚಿನ ನಮ್ಮ ಆಸ್ಪತ್ರೆಯಲ್ಲಿ ಅದರ ಗುರುತು ಅಂದರೆ ಗೋಡೆಗೆ ತೂಗುಹಾಕಿದ್ದ ಹಳೆಯ ಕ್ಯಾಲೆಂಡರ್ ಒಂದೇ. ಸಭೆ ಕರೆದರೆ ಬರುವವರು ಬೆರಳೆಣಿಕೆಯಷ್ಟು. ನಾನು ಮಕ್ಕಳ ವಾರ್ಡಿನವಳು, ಶಾಖೆಯ ಕಾರ್ಯದರ್ಶಿ, ಹಾಗಾಗಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಗಂಡಸರ ವಾರ್ಡಿನ ಮುಂಡಿಯಾ ಚಹಾ ಇದ್ದರೆ ಬರುತ್ತಿದ್ದ. ಹೆರಿಗೆ ವಾರ್ಡಿನ ಲುಂಗೋವೆ ಮಾತ್ರ ಒಂದು ಸಭೆಯನ್ನೂ ಬಿಟ್ಟವಳಲ್ಲ. ಬೊಮೆ ಕರೆದಿದ್ದಾರೆ ಅನ್ನುವುದಷ್ಟೇ ಅವಳಿಗೆ ಸಾಕಿತ್ತು.

ಬೊಮೆ ಅಂದರೆ ತಾಯಿ. ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತೇವೆ, ಆದರೆ ಲುಂಗೋವೆ ನಸಿಲೆಲೆ ಅವರನ್ನು ಕರೆಯುವಾಗ ಆ ಮಾತಿಗೆ ಅದರ ಪೂರ್ತಿ ಅರ್ಥ ಇರುತ್ತಿತ್ತು. ಅವಳನ್ನು ಕೆಲಸಕ್ಕೆ ಪಳಗಿಸಿದವರು ಅವರೇ. ನಸಿಲೆಲೆ ಆಗ ಐವತ್ತು ದಾಟಿದವರು, ದೊಡ್ಡ ದನಿ, ಅಗಲವಾದ ಕೈ. ಹೆರುವ ಹೆಂಗಸಿನ ಬೆನ್ನಿನ ಮೇಲೆ ಆ ಕೈ ಇಟ್ಟರೆ ಅವಳ ಉಸಿರು ತಾನಾಗಿ ಹದಕ್ಕೆ ಬರುತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಮಾತಾಡು ಅಂದರೆ ಅದೇ ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಆ ವರ್ಷ ನೆರೆ ಏರುವ ಹೊತ್ತಿಗೆ, ಶಾಖೆಗಳನ್ನು ಬಲಪಡಿಸಬೇಕೆಂದು ಸಂಘದವರು ಪ್ರಾಂತ್ಯದ ಅಧ್ಯಕ್ಷರಿಗೆಲ್ಲ ಅದರ ಮುಖ್ಯ ಪಟ್ಟಣವಾದ ಮೊಂಗುವಿನಲ್ಲಿ ನಾಯಕತ್ವ ತರಬೇತಿ ಇಟ್ಟರು. ನಸಿಲೆಲೆ ದೋಣಿ ಹತ್ತುವಾಗ ನಾವೆಲ್ಲ ದಡಕ್ಕೆ ಹೋಗಿದ್ದೆವು. ಲುಂಗೋವೆ ದಾರಿಗೆಂದು ಹುರಿದ ಮೀನು ಕಟ್ಟಿಕೊಟ್ಟಿದ್ದಳು.

ಅಲ್ಲಿ ನಡೆದದ್ದನ್ನು ಆಮೇಲೆ ನಸಿಲೆಲೆ ಅವರೇ ನನಗೆ ಹೇಳಿದರು. ಮೊದಲ ದಿನವೇ ಅವರಿಗೆ ಎದ್ದು ಊರಿಗೆ ಬಂದುಬಿಡೋಣ ಅನ್ನಿಸಿತ್ತಂತೆ. ಒಂದು ಶಾಖೆಯವರು ತಾವು ಕಟ್ಟಿಸಿದ ಗರ್ಭಿಣಿಯರ ತಂಗುಮನೆಯ ಚಿತ್ರ ತೋರಿಸಿದರು. ಇನ್ನೊಬ್ಬರು ತಮ್ಮ ಜನರನ್ನು ಕೂಡಿಸಿ ಜಿಲ್ಲಾಧಿಕಾರಿಯ ಹತ್ತಿರ ಹೋಗಿ ವಸತಿಮನೆಗಳಿಗೆ ನೀರು ತರಿಸಿದ್ದರು. ನಸಿಲೆಲೆ ಅವರ ಹತ್ತಿರ ತೋರಿಸಲು ಏನೂ ಇರಲಿಲ್ಲ. ತರಬೇತಿ ಕೊಡಲು ಲುಸಾಕಾದಿಂದ ಬಂದಿದ್ದ ಶ್ರೀಮತಿ ಹಮೂಂಗ ಮೆತ್ತಗಿನ ಮಾತಿನವರು. ಮುಕೋಲದವರು ಬಾಯಿಯನ್ನೇ ಬಿಡುತ್ತಿಲ್ಲವಲ್ಲ ಎಂದು ನಗುತ್ತಲೇ ಎರಡು ಸಲ ಅಂದಿದ್ದರು.

ಮಾರನೆಯ ದಿನ ಅವರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. ನೀವು ಕೈಹಿಡಿದು ಮೇಲೆತ್ತಿದ ಒಬ್ಬರ ಬಗ್ಗೆ ಹೇಳಿ, ನಾಯಕತ್ವ ಅಂದರೆ ಅದೇ, ಅಂದರು. ನಸಿಲೆಲೆ ಅವರಿಗೆ ನೆನಪಾದದ್ದು ಒಬ್ಬಳೇ.

ಲುಂಗೋವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಸುರಿಯೊಬ್ಬಳಿಗೆ ನೋವು ಜೋರಾಗಿ, ಮಗುವಿನ ತಲೆಯ ಬದಲು ಕಾಲು ಕಂಡಿತು. ಲುಂಗೋವೆ ಬೆದರಿ ಕೋಣೆಯಿಂದ ಓಡಿಹೋದಳು. ಹೆಂಗಸಿನ ಜೊತೆಗೆ ಬಂದಿದ್ದ ಅತ್ತೆ ಕೂಗಿಕೊಂಡು ಹೊರಗೆ ಬಂದಾಗ ಗೇಟಿನ ಹತ್ತಿರ ನಸಿಲೆಲೆ ಸಿಕ್ಕರು. ಅವರು ಬಂದು ಹೆರಿಗೆ ಮಾಡಿಸಿದರು, ತಾಯಿ ಮಗು ಇಬ್ಬರೂ ಉಳಿದರು. ಆಮೇಲೆ ಹುಡುಕಿದರೆ ಲುಂಗೋವೆ ಹಾಸಿಗೆ ಬಟ್ಟೆಗಳ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದಳು. ಕೆಲಸ ಬಿಡುತ್ತೇನೆ ಅಂದಳು. ನಸಿಲೆಲೆ ಬಿಡಗೊಡಲಿಲ್ಲ. ಇದು ನಮ್ಮಿಬ್ಬರ ನಡುವೆ ಇರಲಿ ಅಂದರು. ಮುಂದಿನ ಪ್ರತಿ ಕಷ್ಟದ ಹೆರಿಗೆಗೂ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ಈಗ ಅಂಥ ಹೆರಿಗೆಗಳಿಗೆ ಸುತ್ತಲ ಹಳ್ಳಿಗಳವರು ಲುಂಗೋವೆಯನ್ನೇ ಕೇಳಿಕೊಂಡು ಬರುತ್ತಾರೆ.

ಇದನ್ನು ನಾನು ಬರೆಯುವ ಮುಂಚೆ ಲುಂಗೋವೆಯ ಒಪ್ಪಿಗೆ ಕೇಳಿದ್ದೇನೆ. ಇಷ್ಟು ವರ್ಷ ಆದಮೇಲೆ ಅವಳು ಬೇಡ ಅನ್ನಲಿಲ್ಲ.

ನಸಿಲೆಲೆ ಅದನ್ನು ಹೇಳತೊಡಗಿದಾಗ ಹೆಸರು ಹೇಳಲಿಲ್ಲ. ನಮ್ಮ ಹೆರಿಗೆ ವಾರ್ಡನ್ನು ಈಗ ನೋಡಿಕೊಳ್ಳುವವಳು ಅಂದರು. ನಮ್ಮದರಷ್ಟು ಚಿಕ್ಕ ಆಸ್ಪತ್ರೆಯಲ್ಲಿ ಹೆಸರಿಗೂ ಅದಕ್ಕೂ ವ್ಯತ್ಯಾಸವೇನಿಲ್ಲ. ಮೊದಮೊದಲು ದನಿ ನಡುಗುತ್ತಿತ್ತು. ಸಭೆ ಕಿವಿಗೊಟ್ಟು ಕೇಳುವುದು ಕಂಡಾಗ ಧೈರ್ಯ ಬಂತು. ಹುಡುಗಿ ಓಡಿದ ರೀತಿಯನ್ನು ಕೈಯಲ್ಲಿ ಮಾಡಿ ತೋರಿಸಿದರು, ಜನ ನಕ್ಕರು. ಆ ನಗು ಅವರನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು ಹೋಯಿತು. ಬಟ್ಟೆ ಕೋಣೆಯ ಬಾಗಿಲು ತೆಗೆದರೆ ಅವಳು ಹಾಸಿಗೆ ಬಟ್ಟೆಯ ರಾಶಿಯಲ್ಲಿ ಮುದುಡಿ, ಹೆಬ್ಬೆರಳು ಚೀಪುತ್ತಾ ಕೂತಿದ್ದಳು ಅಂದರು. ಹೆಬ್ಬೆರಳಿನ ಮಾತು ಎಲ್ಲಿಂದ ಬಂತು ಅನ್ನುವುದು ಅವರಿಗೇ ಗೊತ್ತಿರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಅವಳು ಎಂಥ ಸೂಲಗಿತ್ತಿಯಾದಳು ಎಂದು ಹೇಳಿ ಮುಗಿಸಿದಾಗ ಕೆಲವರು ಕಣ್ಣೊರೆಸಿಕೊಂಡರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತೇನೋ. ಕೊನೆಯ ದಿನ ಪ್ರಾಂತ್ಯದ ದೊಡ್ಡವರು ಬಂದಾಗ ಶ್ರೀಮತಿ ಹಮೂಂಗ ಮುಕೋಲದ ಕಥೆಯನ್ನೇ ಹೇಳಿಸಿದರು. ಎರಡನೆಯ ಸಲ ನಸಿಲೆಲೆ ಇನ್ನೂ ಚೆನ್ನಾಗಿ ಹೇಳಿದರು. ಹೆಬ್ಬೆರಳನ್ನು ಬಾಯಿಗೆ ಇಟ್ಟೂ ತೋರಿಸಿದರು. ಹಿಂದಿನ ಸಾಲಿನಲ್ಲಿ ಮೆಬೆಲೊ ಅನ್ನುವ ನರ್ಸ್ ಕೂತಿದ್ದಳು, ನದಿಯ ಆಚೆ ಕಡೆಯ ಶಾಖೆಯವಳು. ಅವಳು ಎರಡು ಸಲವೂ ನಗಲಿಲ್ಲ. ನರ್ಸಿಂಗ್ ಶಾಲೆಯಲ್ಲಿ ಅವಳೂ ಲುಂಗೋವೆಯೂ ಒಂದೇ ಕೋಣೆಯಲ್ಲಿ ಇದ್ದವರು. ನಸಿಲೆಲೆ ಅವರಿಗೆ ಅದು ಗೊತ್ತಿರಲಿಲ್ಲ.

ಅವರು ಊರಿಗೆ ಬಂದಿಳಿದದ್ದು ಬಹಳ ಸಂತೋಷದಲ್ಲಿ. ನಮಗೆಲ್ಲ ಸಂಘದ ಚಿಹ್ನೆ ಅಚ್ಚು ಹಾಕಿದ ಚಿಟೆಂಗೆ ಬಟ್ಟೆ ತಂದಿದ್ದರು, ಸೊಂಟಕ್ಕೆ ಸುತ್ತಿಕೊಳ್ಳಲು. ಲುಂಗೋವೆ ನಮ್ಮ ಪದ್ಧತಿಯಂತೆ ಮಂಡಿಯೂರಿ ಮೆಲ್ಲಗೆ ಚಪ್ಪಾಳೆ ತಟ್ಟಿ ತನ್ನ ಬಟ್ಟೆ ತೆಗೆದುಕೊಂಡಳು. ಅದನ್ನು ಬಿಚ್ಚಿ ನೋಡಲಿಲ್ಲ. ಉಳಿದವರೆಲ್ಲ ಅಲ್ಲೇ ಸುತ್ತಿಕೊಂಡು ಅಂದಚಂದ ನೋಡಿಕೊಳ್ಳುತ್ತಿದ್ದುದರಿಂದ ಯಾರೂ ಅದನ್ನು ಗಮನಿಸಲಿಲ್ಲ.

ಆ ಶನಿವಾರದ ಸಭೆಗೆ ಊಟದ ಕೋಣೆ ತುಂಬಿಹೋಯಿತು. ಎಂದೂ ತಲೆ ಹಾಕದವರೂ ಬಂದಿದ್ದರು. ಬೆಂಚು ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತರು. ತರಬೇತಿ ಫಲ ಕೊಟ್ಟಿತು ಅಂದುಕೊಂಡರು ನಸಿಲೆಲೆ, ಮುಖ ಅರಳಿಹೋಗಿತ್ತು. ಗೋಡೆಗೆ ದೊಡ್ಡ ಕಾಗದ ಅಂಟಿಸಿ ಮೇಲುಗಡೆ ನಂಬಿಕೆ ಎಂದು ಬರೆದರು. ಒಂದು ಶಾಖೆ ನಿಲ್ಲುವುದು ಇದರ ಮೇಲೆ ಎಂದು ಶುರುಮಾಡಿದರು. ಆದರೆ ಜನ ಸೇರಿದ್ದು ಅದಕ್ಕಲ್ಲ, ಬಟ್ಟೆ ಕೋಣೆಯ ಕಥೆ ಮೊಂಗುವಿನಿಂದ ಫೋನಿನಲ್ಲಿ ಅವರಿಗಿಂತ ಮುಂಚೆ ಬಂದಿತ್ತು. ನನಗೆ ಅದು ಆ ಬೆಳಿಗ್ಗೆ ತಿಳಿದಿತ್ತು. ಹೇಳಬೇಕೋ ಬೇಡವೋ ಎಂದು ನಾನು ಒದ್ದಾಡುವಷ್ಟರಲ್ಲಿ ಸಭೆ ಶುರುವಾಗಿಹೋಗಿತ್ತು.

ಮುಂಡಿಯಾ ಕೈ ಎತ್ತಿದ. "ಬೊಮೆ, ಅದೆಲ್ಲ ಆಮೇಲೆ ಆಗ್ಲಿ. ಮೊಂಗುನಲ್ಲಿ ಎಲ್ರನ್ನೂ ನಗಿಸಿದ್ರಂತಲ್ಲ, ಆ ಬಟ್ಟೆ ಕೋಣೆ ಕಥೆ. ನಮಗೂ ಸ್ವಲ್ಪ ಹೇಳ್ರೀ."

ಒಂದಿಬ್ಬರು ನಕ್ಕರು, ಉಳಿದವರು ನೆಲ ನೋಡಿದರು. ನಸಿಲೆಲೆ ಅವರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. ಲುಂಗೋವೆ ಮುಂದಿನ ಬೆಂಚಿನಲ್ಲೇ ಇದ್ದಳು. ಅವಳು ಎದ್ದು ನಿಂತಳು, ದನಿ ಏರಿಸಲಿಲ್ಲ.

"ಬೆರಳು ಚೀಪ್ತಿರ್ಲಿಲ್ಲ ನಾನು," ಅಂದಳು. "ಉಳಿದಿದ್ದೆಲ್ಲ ನಿಜ."

ಆಗ ನಸಿಲೆಲೆ ಅವರ ಬಾಯಲ್ಲಿ ಬರಬಾರದ ಮಾತು ಬಂತು. "ನಿನ್ನ ಹೆಸರು ನಾನು ಹೇಳ್ಲಿಲ್ಲ ಮಗಳೇ."

ಲುಂಗೋವೆ ತನಗೆ ಡ್ಯೂಟಿ ಇದೆ ಎಂದು ಹೇಳಿ ಹೊರಟುಹೋದಳು. ಜನ ಒಬ್ಬೊಬ್ಬರಾಗಿ ಎದ್ದರು. ಮುಂಡಿಯಾ ಸಹ ಚಹಾ ಮುಟ್ಟಲಿಲ್ಲ. ನಾನು ಗೋಡೆಯ ಕಾಗದ ಬಿಚ್ಚಲು ಹೋದರೆ ನಸಿಲೆಲೆ ತಡೆದರು, ತಾವೇ ಬಿಚ್ಚಿ ಮಡಚಿಕೊಂಡರು.

ಮಾತು ಆಸ್ಪತ್ರೆಯ ಒಳಗೇ ಉಳಿಯಲಿಲ್ಲ. ಮಾರುಕಟ್ಟೆಯಲ್ಲಿ ಹುಡುಗರು ಲುಂಗೋವೆಯನ್ನು ಕಂಡರೆ ಹೆಬ್ಬೆರಳು ಎತ್ತಿ ತೋರಿಸತೊಡಗಿದರು. ಒಂದು ದಿನ ನೋವು ತಿನ್ನುತ್ತಿದ್ದ ಬಸುರಿಯೊಬ್ಬಳು ಅವಳನ್ನು ನೋಡಿದ್ದೇ, ಓಡಿಹೋಗುವ ನರ್ಸ್ ಬೇಡ, ಆ ದೊಡ್ಡಮ್ಮನನ್ನು ಕರೆಯಿರಿ ಅಂದಳು. ಲುಂಗೋವೆ ಹೊರಗೆ ಬಂದು ಆ ಮಾತನ್ನು ಇದ್ದದ್ದಿದ್ದಂತೆ ನಸಿಲೆಲೆ ಅವರಿಗೆ ಹೇಳಿ, ಕೈಗವಸು ಅವರ ಕೈಗೆ ಕೊಟ್ಟಳು. "ನಿಮ್ಮನ್ನ ಕರೀತಿದಾರೆ ಮೇಡಂ." ಬೊಮೆ ಅನ್ನುವುದು ಅವಳ ಬಾಯಿಂದ ಹೋಗಿಬಿಟ್ಟಿತ್ತು. ನಸಿಲೆಲೆ ಆ ಹೆರಿಗೆ ಮಾಡಿಸಿದರು. ಆ ಹೆಂಗಸು ಅವರನ್ನು ಬಾಯಿ ತುಂಬ ಹರಸುತ್ತಿದ್ದರೆ ಅವರಿಗೆ ತಲೆ ಎತ್ತಲಾಗಲಿಲ್ಲವಂತೆ.

ಕೊನೆಗೆ ಅವರು ಲುಂಗೋವೆಯ ತಾಯಿಯ ಮನೆಗೆ ಹೋದರು. ಆ ಮುದುಕಿ ಬಯಲಿನ ದಿಬ್ಬದ ಮೇಲೆ ಇರುತ್ತಾರೆ. ಚಾಪೆ ಹಾಸಿದರು, ಕೈತೊಳೆಯಲು ನೀರು ಕೊಟ್ಟರು, ಬಿಸಿ ಬುಹೋಬೆ ಮುದ್ದೆ ತಿರುವಿ ಮೀನಿನ ಸಾರಿನ ಜೊತೆ ಇಟ್ಟರು. ಮಗಳು ಡ್ಯೂಟಿಗೆ ಹೋಗಿದ್ದಾಳೆ ಅಂದರು. ನೆರೆ, ದನ, ಸೊಳ್ಳೆ ಎಲ್ಲದರ ಮಾತಾಯಿತು. ನಸಿಲೆಲೆ ತುತ್ತು ತಟ್ಟೆಯಲ್ಲಿಟ್ಟು, ನಾನು ಕ್ಷಮೆ ಕೇಳಲು ಬಂದವಳು ಎಂದು ಶುರುಮಾಡಿದರು. ಮುದುಕಿ ಊಟ ಮಾಡಿ ಎಂದು ತಡೆದರು. ತಟ್ಟೆ ಖಾಲಿಯಾದ ಮೇಲೆ ಅವರೇ ಮಾತು ತೆಗೆದರು.

"ಅವತ್ತೇ ಅವಳು ನಂಗೆ ಎಲ್ಲಾ ಹೇಳಿದ್ಲು. ನೀವೆಲ್ಲಿದ್ರಿ ಅನ್ನೋದನ್ನೂ ಹೇಳಿದ್ಲು."

ಲುಂಗೋವೆ ಓಡಿಹೋದ ಆ ಮಧ್ಯಾಹ್ನ ಹೆರಿಗೆ ಕೋಣೆಯಲ್ಲಿ ಇರಬೇಕಾದವರು ನಸಿಲೆಲೆ ಅವರೇ. ತಂಗಿಯ ಮಗಳ ಮದುವೆಗೆ ಹೊಲಿಯಲು ಕೊಟ್ಟಿದ್ದ ಉಡುಪಿನ ಅಳತೆ ನೋಡಿಕೊಂಡು ಬರುತ್ತೇನೆ, ಈಗ ಬಂದೆ ಎಂದು ಹೊಸ ಹುಡುಗಿಗೆ ಹೇಳಿ ಮಾರುಕಟ್ಟೆಯ ದರ್ಜಿಯ ಹತ್ತಿರ ಹೋಗಿದ್ದರು. ಗೇಟಿನಲ್ಲಿ ಆ ಅತ್ತೆಗೆ ಸಿಕ್ಕದ್ದು ಅಲ್ಲಿಂದ ವಾಪಸ್ ಬರುವಾಗ. ನಮ್ಮಿಬ್ಬರ ನಡುವೆ ಇರಲಿ ಅಂದದ್ದರಲ್ಲಿ ಅದೂ ಸೇರಿತ್ತು. ಮೊಂಗುವಿನಲ್ಲಿ ಎರಡು ಸಲ ಹೇಳಿದಾಗಲೂ ಅದನ್ನು ಬಿಟ್ಟೇ ಹೇಳಿದ್ದರು. ಲುಂಗೋವೆ ಮಾತ್ರ ತುಂಬಿದ ಸಭೆಯಲ್ಲಿ ಎದ್ದು ನಿಂತಾಗಲೂ ಅದನ್ನು ಎತ್ತಿರಲಿಲ್ಲ. ಉಳಿದದ್ದೆಲ್ಲ ನಿಜ ಎಂದು ಹೇಳಿ ಅವರನ್ನು ಕಾಪಾಡಿದ್ದಳು.

"ನಂಗೆ ಹೇಳ್ಬೇಕಾದ್ದು ಇಷ್ಟೇ," ಅಂದರು ಮುದುಕಿ. "ಕತ್ತಲಾಗೋಕೆ ಮುಂಚೆ ಹೊರಡಿ, ದಾರೀಲಿ ನೀರಿದೆ."

ಮರುದಿನ ನಸಿಲೆಲೆ ಲುಂಗೋವೆಯನ್ನು ವಾರ್ಡಿನ ಹಿಂದಿನ ಜಗುಲಿಯಲ್ಲಿ ಹಿಡಿದರು. ಮುಂದಿನ ತಿಂಗಳು ಮೊಂಗುವಿನಲ್ಲಿ ಮತ್ತೆ ಎಲ್ಲ ಶಾಖೆಗಳೂ ಸೇರುತ್ತವೆ, ಅದೇ ಸಭೆಯಲ್ಲಿ ನಿಂತು ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ, ನಾನೆಲ್ಲಿದ್ದೆ ಅನ್ನುವುದನ್ನೂ ಹೇಳುತ್ತೇನೆ ಅಂದರು. ಇದರಿಂದ ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದರು.

"ಬೇಡ ಮೇಡಂ," ಅಂದಳು ಲುಂಗೋವೆ. "ನೀವು ತಪ್ಪೊಪ್ಕೊಳ್ಳೋಕೂ ನನ್ನ ಕಥೆನೇ ಹೇಳ್ಬೇಕಲ್ಲ. ಅವರು ಮತ್ತೆ ಚಪ್ಪಾಳೆ ಹೊಡೀತಾರೆ, ಎಷ್ಟು ದೊಡ್ಡ ಮನಸ್ಸು ಅಂತಾರೆ. ನನ್ನ ವಿಷಯ ಇನ್ನು ಎಲ್ಲೂ ಎತ್ತಬೇಡಿ. ಒಳ್ಳೇದಕ್ಕೂ ಬೇಡ."

ನಸಿಲೆಲೆ ಆಗಲಿ ಅಂದರು.

ಅಷ್ಟರಲ್ಲಿ ಲುಸಾಕಾದಿಂದ ಶ್ರೀಮತಿ ಹಮೂಂಗ ಫೋನ್ ಮಾಡಿದರು. ಎಲ್ಲ ಶಾಖೆಗಳಿಗೂ ಹಂಚುವ ಪುಸ್ತಿಕೆಯಲ್ಲಿ ಮುಕೋಲದ ಕಥೆಯೇ ಮೊದಲು ಬರಲಿದೆ, ನಿಮ್ಮ ಫೋಟೋ ಕಳಿಸಿ ಎಂದು. ಅದನ್ನು ತೆಗೆದುಹಾಕಿ ಎಂದರು ನಸಿಲೆಲೆ. ಯಾಕೆಂದು ಎಷ್ಟು ಸಲ ಕೇಳಿದರೂ ಕಾರಣ ಹೇಳಲಿಲ್ಲ, ಅದು ನನ್ನದಲ್ಲ ಎಂದಷ್ಟೇ ಅಂದರು. ಆ ಮೆತ್ತಗಿನ ದನಿ ಮೊದಲ ಬಾರಿಗೆ ಗಡುಸಾಯಿತಂತೆ. ಮುಂದಿನ ತಿಂಗಳು ಮೊಂಗುವಿನಲ್ಲಿ ಸೇರಿದ ಸಭೆಯಲ್ಲಿ ಅವರ ಪಕ್ಕದಲ್ಲಿ ನಾನೂ ಇದ್ದೆ. ಹೊಸದಾಗಿ ಬಂದವರಿಗೆ ಕೇಳಿಸಲಿ, ಇನ್ನೊಮ್ಮೆ ಹೇಳಿ ಎಂದು ಹಲವರು ಒತ್ತಾಯ ಮಾಡಿದರು. ನಸಿಲೆಲೆ ಎದ್ದು ನಿಂತು, "ನನ್ನ ಹತ್ರ ಹೇಳೋಂಥ ಕಥೆ ಯಾವುದೂ ಇಲ್ಲ," ಎಂದು ಕೂತುಬಿಟ್ಟರು. ಯಾರೋ ಹಿಂದಿನಿಂದ, ಮುಕೋಲದವರಿಗೆ ಜಂಬ ಬಂದಿದೆ ಅಂದರು. ನಸಿಲೆಲೆ ಮುಖ ತಿರುಗಿಸಲಿಲ್ಲ, ಹೌದು ಅನ್ನುವ ಹಾಗೆ ತಲೆಯಾಡಿಸಿದರು.

ಊರಿಗೆ ಬಂದು ಅಧ್ಯಕ್ಷ ಸ್ಥಾನ ಬಿಟ್ಟರು. ಯಾರೂ ಉಳಿಯಿರಿ ಅನ್ನಲಿಲ್ಲ. ಲುಂಗೋವೆಯನ್ನು ಕೇಳಿದರೆ ಒಲ್ಲೆ ಅಂದಳು, ಕೊನೆಗೆ ಮುಂಡಿಯಾನ ತಲೆಗೆ ಬಂತು. ಶಾಖೆ ದೊಡ್ಡದೇನೂ ಆಗಲಿಲ್ಲ, ಮುಚ್ಚಲೂ ಇಲ್ಲ. ಶಾಖೆ ಕೇಳಿದ್ದರಿಂದ ರಾತ್ರಿ ಪಾಳಿಯ ನರ್ಸ್‌ಗಳಿಗೆ ಮಲಗಲು ಹಾಸಿಗೆ ಸಿಕ್ಕಿತು. ನಸಿಲೆಲೆ ಪ್ರತಿ ಸಭೆಗೂ ಬಂದು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದರು, ಕೇಳಿದರೆ ಮಾತ್ರ ಮಾತಾಡುತ್ತಿದ್ದರು. ಅವರಿಗೆ ಮರ್ಯಾದೆ ಕೊಡುವುದನ್ನು ಲುಂಗೋವೆ ಎಂದೂ ಬಿಡಲಿಲ್ಲ. ಔಷಧಿಯ ವಿಷಯ, ಪಾಳಿಯ ವಿಷಯ ಎಲ್ಲ ಮಾತಾಡುತ್ತಿದ್ದಳು. ಅದರಾಚೆಗೆ ಒಂದು ಮಾತೂ ಇಲ್ಲ. ಊರಿನವರು ಹೆಬ್ಬೆರಳನ್ನು ಒಂದೆರಡು ವರ್ಷಕ್ಕೆ ಮರೆತರು. ಬಸುರಿಯರು ಮತ್ತೆ ಅವಳನ್ನೇ ಕೇಳಿಕೊಂಡು ಬರತೊಡಗಿದರು.

ನಸಿಲೆಲೆ ನಿವೃತ್ತರಾಗುವ ವರ್ಷ ಹೆರಿಗೆ ವಾರ್ಡಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಒಂದು ಬೆಳಿಗ್ಗೆ ನಾನೂ ನಸಿಲೆಲೆಯೂ ಜಗುಲಿಯಲ್ಲಿ ನಿಂತಿದ್ದಾಗ ಲುಂಗೋವೆ ಆ ಹುಡುಗಿಯನ್ನು ತೋಳು ಹಿಡಿದು ಹೊರಗೆ ಕರೆತಂದಳು. ಹುಡುಗಿಯ ಮುಖ ಅತ್ತು ಊದಿಹೋಗಿತ್ತು. ನಲ್ಲಿಯ ಹತ್ತಿರ ನಿಲ್ಲಿಸಿ ಮುಖ ತೊಳೆಸಿದಳು, ಕಿವಿಯ ಹತ್ತಿರ ಏನೋ ಹೇಳಿದಳು, ತನ್ನ ಸೊಂಟದ ಬಟ್ಟೆಯ ಅಂಚಿನಲ್ಲಿ ಒರೆಸಿ ಮತ್ತೆ ಒಳಗೆ ಕರೆದುಕೊಂಡು ಹೋದಳು.

ಏನಾಯಿತೋ ಎಂದು ನಾನು ಹಿಂದೆ ಹೋಗಲು ಹೊರಟೆ. ನಸಿಲೆಲೆ ನನ್ನ ಕೈ ಹಿಡಿದುಕೊಂಡರು.

"ಬಿಡು," ಅಂದರು. "ನಮಗ್ಯಾಕೆ."

ಏನಾಗಿತ್ತು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.