ಹೊಸ್ತಿಲಲ್ಲಿ ತಿರುಗಿದ ಆರು ಅಂಕಿ

ಕಲ್ಯಾಣದುರ್ಗದಲ್ಲಿ ಮದುವೆ ಮುಗಿಸಿ ಸೊಸೆಯನ್ನು ಹಿಂದೂಪುರದ ನಮ್ಮ ಮನೆಗೆ ಕರೆತರುವ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಹೊಸ್ತಿಲಲ್ಲಿ ಅಕ್ಕಿ ಸೇರು ಒದೆಯುವ ಮೊದಲು ಗಂಡನ ಹೆಸರು ಹೇಳಿಸುವುದು ನಮ್ಮಲ್ಲಿ ಪದ್ಧತಿ. ಈ ಹುಡುಗಿಗೆ ಮಾತು ತಡೆಯುತ್ತದೆ. ನನ್ನ ಮಗನ ಹೆಸರಿನ ಮೊದಲಕ್ಷರವೇ ಅವಳ ನಾಲಿಗೆಗೆ ಕಷ್ಟ. ಬಾಗಿಲಿಗೆ ಅಡ್ಡ ನಿಲ್ಲುವವಳೋ ನನ್ನ ನಾದಿನಿ. ಅವಳ ಬಾಯಿ ಬೀದಿಗೆಲ್ಲ ಗೊತ್ತು.

"ಆ ಶಾಸ್ತ್ರ ಬಿಡಿಸ್ಬುಡ್ಲೇನಮ್ಮ?" ಕಾರಿನಲ್ಲಿ ಮೆಲ್ಲಗೆ ಕೇಳಿದೆ.

"ಬ್ಯಾಡ ಅತ್ತೆ. ಎ... ಎಲ್ಲರಂಗೇ ಬತ್ತೀನಿ."

ನಾವು ಇಳಿಯುವಷ್ಟರಲ್ಲಿ ನಾದಿನಿ ಬಾಗಿಲಿನ ಎರಡೂ ಕಡೆ ಕೈಯೂರಿ ನಿಂತಿದ್ದಳು.

"ಟೀಚರಮ್ಮಾ, ಹೆಸರು ಹೇಳು. ಬರೀ ಹೆಸರಲ್ಲ, ಏನಾದ್ರೂ ಕಟ್ಟಿ ಹೇಳ್ಬೇಕು ಕಣಮ್ಮ!"

ಮಗ ಬಾಯಿ ತೆರೆದ. "ನೀನು ಸುಮ್ಕಿರ್ಲಾ, ನಿನ್ನ ಸರದಿ ಆಮ್ಯಾಕೆ" ಎಂದು ನಾದಿನಿ ಗದರಿದಳು.

ಸೊಸೆ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಅಕ್ಕಿ ಸೇರಿನ ಮೇಲೆ ಕಣ್ಣಿಟ್ಟು, ಮಕ್ಕಳು ಮಗ್ಗಿ ಹೇಳುವ ರಾಗದಲ್ಲಿ ಶುರು ಮಾಡಿದಳು.

"ಒಂದು ನಾಕು ಎರಡು ಎಂಟು ಐದು ಏಳು. ಎರಡರಿಂದ ಗುಣಿಸಿದ್ರೆ, ಎರಡು ಎಂಟು ಐದು ಏಳು ಒಂದು ನಾಕು. ಮೂರರಿಂದ ಗುಣಿಸಿದ್ರೆ, ನಾಕು ಎರಡು ಎಂಟು ಐದು ಏಳು ಒಂದು."

ರಾಗದಲ್ಲಿ ಒಂದಕ್ಷರವೂ ತಡೆಯಲಿಲ್ಲ. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು, ಅದು ಸಂಖ್ಯೆ.

"ಅವೇ ಅಂಕಿ ಸುತ್ತು ಹಾಕ್ತಾ ಅವೆ ಕಣೇ!" ಹಿಂದಿನಿಂದ ನಮ್ಮ ಯಜಮಾನರು.

"ತಡಿಯಣ್ಣ, ನೋಡ್ತೀನಿ." ನಾದಿನಿ ಒಂದು ಕೈ ಬಿಟ್ಟು ಫೋನು ತೆಗೆದಳು. ನಾಲ್ಕು, ಐದು, ಆರರಿಂದ ಗುಣಿಸಿದಳು. ಪ್ರತಿ ಸಲವೂ ಅವೇ ಆರು, ಸಾಲು ಮುರಿಯದೆ, ಬೇರೆ ಬೇರೆ ಕಡೆಯಿಂದ ಶುರುವಾಗಿ. ಏಳರಿಂದ ಗುಣಿಸಿದಾಗ ಬರೀ ಒಂಬತ್ತುಗಳ ಸಾಲು.

"ಅಬ್ಬ! ಅದೆಂಗಮ್ಮಾ?"

"ಒ... ಒ... ಒಂದನ್ನ ಏಳರಿಂದ ಭಾಗಿಸ್ತಾ ಹೋದ್ರೆ, ಈ ಆ... ಆರೇ ತಿರುಗಿ ತಿರುಗಿ ಬತ್ತಾವೆ."

ರಾಗ ಬಿಟ್ಟದ್ದೇ ಮಾತು ತಡೆಯಿತು. ಎಲ್ಲರಿಗೂ ಕೇಳಿಸಿತು. ನಾದಿನಿ ಫೋನಿನಿಂದ ತಲೆಯೆತ್ತಿ ಅವಳನ್ನೇ ನೋಡಿದಳು.

ಸೊಸೆ ಉಸಿರೆಳೆದುಕೊಂಡಳು. "ಎಂಗೆ ತಿರುಗಿದ್ರೂ ಕೈ ಬಿಡಾಕಿಲ್ಲ ಈ ಆರು, ನಾನು ಕೈ ಹಿಡಿದೋರು..." ಅಲ್ಲಿಗೆ ನಿಂತಿತು. ಮೊದಲಕ್ಷರ ಮೂರು ಸಲ ಬಂದು ಹೋಯಿತು. ಮಗ್ಗಿಯ ರಾಗವೂ ಅದನ್ನು ದಾಟಿಸಲಿಲ್ಲ. ಎದುರಿನವರ ಮಾತು ಮುಗಿಯುವವರೆಗೆ ಎಂದೂ ಕಾಯದ ನನ್ನ ನಾದಿನಿ ತುಟಿ ಬಿಗಿದುಕೊಂಡು ಕಾದಳು. ನಾಲ್ಕನೆಯ ಸಲಕ್ಕೆ ಹೆಸರು ಪೂರ್ತಿ ಬಂತು.

"ಬಾಮ್ಮಾ, ಬಲಗಾಲು ಇಕ್ಕು" ಎಂದು ನಾದಿನಿ ಪಕ್ಕಕ್ಕೆ ಸರಿದಳು. ಅಕ್ಕಿ ಉರುಳಿತು, ಸೊಸೆ ಒಳಗೆ ಬಂದಳು. ಹಿಂದೆಯೇ ಕಾಲಿಡಲು ಹೋದ ಮಗನಿಗೆ ಮಾತ್ರ ಮತ್ತೆ ಕೈ ಅಡ್ಡ ಬಂತು.

"ನೀನೆಲ್ಲಿಗ್ಲಾ? ಅದನ್ನ ಎಂಟರಿಂದ ಗುಣಿಸಿ ಹೇಳು, ಆಮ್ಯಾಕೆ ಹೆಂಡ್ತಿ ಹೆಸರು."

ಅವನು ಒಳಗಿದ್ದ ಹೆಂಡತಿಯ ಕಡೆ ದೈನ್ಯದಿಂದ ನೋಡಿದ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು, ಉತ್ತರ ಮಾತ್ರ ಹೇಳಿಕೊಡಲಿಲ್ಲ.