ಮ್ಯಾಂಚೆಸ್ಟರಿನ ಕಟ್ಟಡ, ವೆಸ್ಟ್ ವಿಂಡ್ಸರಿನ ಹೊಟ್ಟೆಕಿಚ್ಚು

ಇವತ್ತು ಬೆಳಿಗ್ಗೆ ನಮ್ಮ ವೆಸ್ಟ್ ವಿಂಡ್ಸರಿನ ಪ್ರಿನ್ಸ್‌ಟನ್ ಜಂಕ್ಷನ್ ರೈಲು ನಿಲ್ದಾಣದಲ್ಲಿ ಯಾರೋ ಗೋಡೆಗೆ ಗಾರೆ ಮೆತ್ತುತ್ತಿದ್ದರು. ಹಸಿ ಗಾರೆಯ ವಾಸನೆ ಮೂಗಿಗೆ ಬಡಿದಿದ್ದೇ ತಡ, ವಸುಧಾಳ ನೆನಪಾಯಿತು. ನೆನಪಾದೊಡನೆ ಹೊಟ್ಟೆಯಲ್ಲಿ ಚುರುಕ್ಕೆಂದಿತು. ಹಸಿವಲ್ಲ, ಉಪ್ಪಿಟ್ಟು ತಿಂದೇ ಹೊರಟಿದ್ದೆ.

ವಸುಧಾ ಮೈಸೂರಿನಲ್ಲಿ ನನ್ನ ಜೊತೆ ಆರ್ಕಿಟೆಕ್ಚರ್ ಓದಿದವಳು. ಆಗ ಅವಳ ನಕ್ಷೆಯ ಮೇಲೆ ಶಾಯಿ ಚೆಲ್ಲದ ದಿನವಿಲ್ಲ. ಮೇಷ್ಟ್ರು ನನ್ನ ಹಾಳೆಯನ್ನು ಗೋಡೆಗೆ ಅಂಟಿಸಿ, "ನೋಡ್ರೀ, ಗೆರೆ ಅಂದ್ರೆ ಇದು" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ವಸುಧಾ. ಅಂಥವಳು ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೋಗಿ, ಹತ್ತಿ ವ್ಯಾಪಾರಿಗಳು ಅರಮನೆಯಂತೆ ಕಟ್ಟಿಸಿದ ಹಳೆಯ ಕಟ್ಟಡವೊಂದನ್ನು ರಿಪೇರಿ ಮಾಡಿಸುವ ಯಜಮಾನಿಯಾಗಿ ಕೂರುವುದು, ನಾನು ದಿನಾ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿ ನ್ಯೂಜೆರ್ಸಿಯ ಔಷಧಿ ಅಂಗಡಿಗಳ ಪಾರ್ಕಿಂಗ್ ಲಾಟಿಗೆ ನಕ್ಷೆ ಬರೆಯುವುದು, ನೀವೇ ಹೇಳಿ, ಯಾವ ನ್ಯಾಯ?

ಆ ಕಟ್ಟಡವೋ! ಊರ ತುಂಬ ಗಿರಣಿಗಳ ಹೊಗೆ ಇದ್ದ ಕಾಲದ್ದು. ಮಸಿ ಹಿಡಿದರೂ ಮಳೆಗೆ ತೊಳೆದುಹೋಗಲಿ ಎಂದು ಹೊರಗೋಡೆಗೆಲ್ಲ ಹೊಳಪಿನ ಸುಟ್ಟಮಣ್ಣಿನ ಬಿಲ್ಲೆಗಳನ್ನು ಹೊದಿಸಿದ್ದಾರೆ, ಬೆಲ್ಲದ ಬಣ್ಣದವು. ಮೇಲಿನ ಮಹಡಿಗೆ ದೊಡ್ಡ ದೊಡ್ಡ ಕಿಟಕಿಗಳು. ಕೊಳ್ಳಲು ಬಂದವರು ಬಟ್ಟೆಯ ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಬೇಕಲ್ಲ. ಕಂಪ್ಯೂಟರಿನ ಆಚೆ ಏನೂ ಕಾಣದ ನಮ್ಮ ಮನೆಯವರು ಕೂಡ ಫೋಟೋ ನೋಡಿ, "ವಾಟ್ ಎ ಬಿಲ್ಡಿಂಗ್! ನೀನೂ ಇಂಥದ್ದು ಏನಾದ್ರೂ ಮಾಡ್ಬಹುದಲ್ವಾ?" ಎಂದರು. ಅವತ್ತು ಸಾರಿಗೆ ಉಪ್ಪು ಹೆಚ್ಚಾಗಿದ್ದು ಆಕಸ್ಮಿಕವೆಂದೇ ಅವರು ಇಂದಿಗೂ ನಂಬಿದ್ದಾರೆ.

ವಸುಧಾ ವಾರ ವಾರವೂ ಫೋಟೋ ಕಳಿಸುತ್ತಾಳೆ. ನಾನು 'ನೈಸ್' ಎಂದು ಬರೆದು, ಆಮೇಲೆ ರೈಲಿನಲ್ಲಿ ಕೂತು ಹಿಗ್ಗಿಸಿ ಹಿಗ್ಗಿಸಿ ತಪ್ಪು ಹುಡುಕುತ್ತೇನೆ. ಇವತ್ತು ಸಿಕ್ಕೇಬಿಟ್ಟಿತು! ಮೂಲೆಯ ಕಿಟಕಿಯ ಕೆಳಗೆ ಹಳೆಯ ಬಿಲ್ಲೆಗಳ ನಡುವಿನ ಸಂದು ದಾರದಷ್ಟು ಸಣ್ಣ. ಹೊಸದಾಗಿ ಕೂರಿಸಿದವುಗಳ ನಡುವೆ ಪೆನ್ಸಿಲಿನಷ್ಟು ದಪ್ಪ. ನನ್ನ ಮುಖ ಎಷ್ಟು ಅರಳಿತ್ತೋ ಏನೋ, ಪಕ್ಕದಲ್ಲಿದ್ದ ಮುದುಕ "ಗುಡ್ ನ್ಯೂಸ್?" ಎಂದು ಕೇಳಿದ. ಹೌದೆಂದೆ.

ಫೋಟೋದ ಕೆಳಗೆ ಅವಳು ಬರೆದದ್ದನ್ನು ಆಮೇಲೆ ಓದಿದೆ. ಕೆಲಸದವರು ಹತ್ತಲು ಕಟ್ಟಿದ್ದ ಸಾರುವೆಯನ್ನು ನಾಳೆ ಬಿಚ್ಚುತ್ತಾರಂತೆ. ಬಿಚ್ಚಿದ ಮೇಲೆ ಆ ತಪ್ಪು ಅವಳ ಹೆಸರಿನಲ್ಲಿ ಊರಿಗೆಲ್ಲ ಕಾಣುತ್ತ ನಿಲ್ಲುತ್ತದೆ. ನಾನು ಸುಮ್ಮನಿದ್ದರೆ ಯಾರು ಕೇಳುತ್ತಾರೆ? ಮೆಟ್ರೋಪಾರ್ಕ್ ನಿಲ್ದಾಣ ಬರುವವರೆಗೂ ಸುಮ್ಮನೇ ಇದ್ದೆ, ಸುಖವಾಗಿಯೇ ಇದ್ದೆ. ಆದರೆ ಕೆಟ್ಟ ಕೆಲಸ ಕಣ್ಣಿಗೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನನ್ನ ಕೈಲಾಗದು. ಫೋನ್ ಮಾಡಿ ಹೇಳಿದೆ.

ವಸುಧಾ ಆ ಫೋಟೋವನ್ನು ತಾನೂ ಹಿಗ್ಗಿಸಿ ನೋಡಿದಳು. "ಅಯ್ಯೋ, ಹೌದು ಕಣೇ! ಇಲ್ಲಿ ಎಲ್ಲರೂ ಇನ್‌ಸ್ಪೆಕ್ಟ್ ಮಾಡಿದ್ರು, ಯಾರಿಗೂ ಕಾಣಿಸ್ಲಿಲ್ಲ. ಫೋನಲ್ಲಿ ನೋಡಿ ನಿನಗೆ ಹೇಗೆ ಗೊತ್ತಾಯ್ತೇ?"

"ಹೊಟ್ಟೆ ಉರ್ಕೊಂಡು ನೋಡಿದೆ ಕಣೇ." ಬಾಯಿಂದ ಬಂದೇಬಿಟ್ಟಿತು.

ವಸುಧಾ ನಗಲಿಲ್ಲ. "ಹಾಗಾದ್ರೆ ಮಿಕ್ಕ ಗೋಡೆಗಳನ್ನೂ ಹಾಗೇ ನೋಡಿಬಿಡೇ, ಪ್ಲೀಸ್. ಸ್ಕ್ಯಾಫೋಲ್ಡಿಂಗ್ ಬಿಚ್ಚೋದು ನಿಲ್ಲಿಸ್ತೀನಿ."

ಫೋಟೋಗಳು ಒಂದರ ಹಿಂದೊಂದು ಬರತೊಡಗಿದವು. ರೈಲು ಹಡ್ಸನ್ ನದಿಯ ಕೆಳಗಿನ ಸುರಂಗಕ್ಕೆ ಇಳಿಯುವ ಮೊದಲು ಎಲ್ಲವನ್ನೂ ಹಿಗ್ಗಿಸಿ ನೋಡಿದೆ. ಕಮಾನು, ಕಂಬ, ಸೂರಿನಂಚು, ಎಲ್ಲೂ ಕೂದಲೆಳೆಯಷ್ಟು ತಪ್ಪಿಲ್ಲ. "ಮಿಕ್ಕಿದ್ದೆಲ್ಲ ಸರಿಯಾಗಿದೆ. ತುಂಬಾ ಚೆನ್ನಾಗಿ ಮಾಡಿದೀಯ" ಎಂದು ಬರೆದು ಕಳಿಸಿದೆ. ಇಷ್ಟು ವರ್ಷದಲ್ಲಿ ಅವಳಿಗೆ ನಾನು ಒಮ್ಮೆಯೂ ಹೇಳದಿದ್ದ ಮಾತು. ಹೊಟ್ಟೆಕಿಚ್ಚೇನೂ ಆರಲಿಲ್ಲ, ಈಗ ಅದಕ್ಕೆ ಸರಿಯಾದ ಕಾರಣ ಸಿಕ್ಕಿತ್ತು, ಅಷ್ಟೆ.