ಲೆಮನ್ ಟಾರ್ಟಿಗೆ ಸಿಕ್ಕಿದ ಸೀಟು

ಮಣಿಪಾಲದ ನನ್ನ ಮನೆಯಲ್ಲೇ ಬೇಕಿಂಗ್ ಮಾಡುತ್ತೇನೆ. ದೂರದ ಆರ್ಡರುಗಳನ್ನು ಇಲ್ಲಿಯ ಎಲ್ಲರ ಹಾಗೆ ಬಸ್ ಕಂಡಕ್ಟರ್ ಕೈಯಲ್ಲೇ ಕಳುಹಿಸುವುದು. ಬಜಗೋಳಿಯ ಟೀಚರೊಬ್ಬರಿಗೆ ಕಳೆದ ಸಲ ಕಳುಹಿಸಿದ ಲೆಮನ್ ಟಾರ್ಟ್, ಬಿಸ್ಕತ್ತಿನಂಥ ತಳದ ಲಿಂಬೆ ಸಿಹಿ, ಪುಡಿಪುಡಿಯಾಗಿ ತಲುಪಿತ್ತು. ಈ ಸಲ ಅವರ ಮಗಳ ನಿಶ್ಚಿತಾರ್ಥ. ಮತ್ತೆ ಅದೇ ಟಾರ್ಟಿನ ಡಬ್ಬ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ.

"ಎಂತ ಉಂಟು ಇದರಲ್ಲಿ?" ಕಂಡಕ್ಟರ್ ಕೇಳಿದರು.

"ಲಿಂಬೆಹಣ್ಣಿನದ್ದು. ಓರೆ ಮಾಡಬೇಡಿ. ದಾರಿಯಲ್ಲಿ ಯಾರೂ ತೆರೆಯಬಾರದು."

ಅವರ ಕಣ್ಣು ಡಬ್ಬಕ್ಕೆ ಕಟ್ಟಿದ್ದ ಕೆಂಪು ರಿಬ್ಬನ್ನಿನ ಮೇಲೆ ನಿಂತಿತು. ಚಾಚಿದ ಕೈ ಹಿಂದೆ ಹೋಯಿತು.

"ಇವತ್ತು ಅಮಾವಾಸ್ಯೆ ಅಲ್ವಾ ಮೇಡಂ?"

"ಅಯ್ಯೋ, ಮಾಟದ ಲಿಂಬೆ ಅಲ್ಲ ಮಾರಾಯ್ರೆ! ತಿನ್ನುವ ಸಿಹಿ. ಒಳಗೆ ಬೆಣ್ಣೆ, ಸಕ್ಕರೆ, ಲಿಂಬೆರಸ, ಮೊಟ್ಟೆ..."

"ಮೊಟ್ಟೆಯೂ ಉಂಟಾ?" ಎಂದು ಅವರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ. "ನೀವೇ ಒಳಗೆ ಇಡಿ, ನಾನು ಮುಟ್ಟುವುದಿಲ್ಲ." ಮುಂದಿನ ಸೀಟಿನಲ್ಲಿಟ್ಟು ಇಳಿದೆ.

ಬಸ್ಸು ಹೊರಟಿತು. ಯಾವುದಾದರೂ ಸೇತುವೆ ಬಂದಾಗ ಹೊಳೆಗೆ ಎಸೆದುಬಿಟ್ಟರೆ? ಮೊಬೈಲ್ ನೋಡುತ್ತಾ ಕೂತೆ. ಊಟವೂ ಸೇರಲಿಲ್ಲ.

ಕೊನೆಗೆ ಟೀಚರ್ ಫೋನ್ ಮಾಡಿದರು. "ಒಂದು ಬಿರುಕೂ ಇಲ್ಲ! ಬಸ್ಸು ಎಂತ ರಶ್ ಗೊತ್ತುಂಟಾ, ಜನ ಬಾಗಿಲಲ್ಲಿ ನೇತಾಡುತ್ತಿದ್ದರು. ನಿಮ್ಮ ಡಬ್ಬ ಮಾತ್ರ ಇಡೀ ಸೀಟಿನಲ್ಲಿ ಒಂದೇ ಕೂತು ಬಂದಿದೆ."

ಈಗ ಚಾಕೊಲೇಟ್ ಕೇಕ್ ಕಳುಹಿಸುವಾಗಲೂ ಕೆಂಪು ರಿಬ್ಬನ್ ಕಟ್ಟಿ, ಗಂಟಿನಲ್ಲಿ ಒಂದು ಲಿಂಬೆಹಣ್ಣು ಸಿಕ್ಕಿಸುತ್ತೇನೆ.